20 ಕಿಲೋದಲ್ಲಿ ಮಲಕಾಲ್

'ಪಾನಾ-ಮೆಗ್ಗರ್ ಎಲ್ಲಾ ಹೊತ್ಕೊಂಡು 20 ಕಿಲೋದಾಗ ಹೋಗಾಕ ಆಗಂಗಿಲ್ಲ, ಕೈ ಬೀಸ್ಕೊಂಡು ಹೋಗು' ಅಂತ ಹುಬ್ಬಳ್ಳಿಯ ಹಳೇ ಮೇಸ್ತ್ರಿ ನಕ್ಕಿದ್ದರು. ನಾನು ಪಂಪು ರಿಪೇರಿಯವನು; ಮೆಗ್ಗರ್ ಅಂದರೆ ಮೋಟಾರಿನ ವೈರಿನ ಇನ್ಸುಲೇಷನ್ ನೋಡುವ ಉಪಕರಣ, 20 ಕಿಲೋ ಅಂದರೆ ಅಲ್ಲಿಗೆ ಹೋಗುವ ಪರಿಹಾರ ವಿಮಾನದಲ್ಲಿ ಒಬ್ಬನಿಗೆ ಬಿಡುವ ತೂಕ. 2017ರ ಫೆಬ್ರವರಿಯಲ್ಲಿ ಆಫ್ರಿಕಾದ ದಕ್ಷಿಣ ಸುಡಾನಿನ ಮಲಕಾಲ್‌ನಲ್ಲಿ ಇಳಿದಾಗ ನನ್ನ ಚೀಲ 19 ಕಿಲೋ ಚಿಲ್ಲರೆ ಇತ್ತು. ಮೂರನೇ ದಿನಕ್ಕೆ ನಿರಾಶ್ರಿತರ ಶಿಬಿರದ ಪಂಪು ನೀರೆತ್ತಿತು. ಅದಕ್ಕೂ ಮೊದಲು ಎರಡು ಸಲ ಮುಗ್ಗರಿಸಿದ್ದೆ. ಹೊಸದಾಗಿ ಹೊರಟ ಪಂಪಿನ ಹುಡುಗರಿಗೆ ಉಪಯೋಗಕ್ಕೆ ಬರುವುದು ಅದೇ.

ಮೊದಲನೆಯದು 2014. ಯುದ್ಧ ಶುರುವಾಗಿ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಎಲ್ಲರೂ ಗುಂಡಿಗೆ ಹೆದರಿದರು, ನನ್ನನ್ನು ಕೆಡವಿದ್ದು ಹಳದಿ ಚೀಟಿ, ಅಂದರೆ ಹಳದಿ ಜ್ವರದ ಲಸಿಕೆ ಹಾಕಿಸಿದ ಪ್ರಮಾಣಪತ್ರ. ಲಸಿಕೆ ಆಗ ಮುನ್ನೂರು ರೂಪಾಯಿದು. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲೆ ಚೀಟಿಗೆ ಬೆಲೆ. ನಾನು ಆರನೇ ದಿನಕ್ಕೆ ಮುಂಬೈ ಕೌಂಟರಿನಲ್ಲಿ ನಿಂತಿದ್ದೆ. ವಾಪಸ್ ಕಳಿಸಿದರು. ಟಿಕೆಟ್ಟಿಗೆ ಮೂವತ್ತೆಂಟೋ ನಲವತ್ತೋ ಸಾವಿರ ಹೋಯಿತು. ನನ್ನನ್ನು ಕರೆದಿದ್ದ ಸಂಸ್ಥೆ ಬೇರೆಯವನನ್ನು ಕಳಿಸಿತು.

ಎರಡನೆಯದು 2015ರ ಜೂನ್, ಅದೇ ದೇಶದ ಬೆಂಟಿಯು ಊರಿಗೆ. ಇಥಿಯೋಪಿಯಾದ ಅಡಿಸ್ ಅಬಾಬಾ ತನಕ ವಿಮಾನದವರು ಎರಡು ದೊಡ್ಡ ಪೆಟ್ಟಿಗೆ ಬಿಟ್ಟರು, ಖುಷಿಯಲ್ಲಿ ತುಂಬಿದೆ. ರಾಜಧಾನಿ ಜುಬಾದಿಂದ ಒಳಗೆ ಹೋಗುವ ವಿಶ್ವಸಂಸ್ಥೆಯ ಪರಿಹಾರ ವಿಮಾನದಲ್ಲಿ ಕೈಚೀಲವೂ ಸೇರಿ 20 ಕಿಲೋ ಅಷ್ಟೇ. ನನ್ನದು 34. ಗಟ್ಟಿ ಸೂಟ್‌ಕೇಸೇ ಐದು ಕಿಲೋ! ಹದಿನಾಲ್ಕು ಕಿಲೋ ಸಾಮಾನು ಜುಬಾದ ಗೋದಾಮಿನಲ್ಲಿ ಬಿಟ್ಟೆ; ಅದು ನನ್ನ ಕೈ ಸೇರಲು ಮೂರು ವಾರ. ಜೊತೆಗೆ ಮಳೆಗಾಲ. ಅಲ್ಲಿಯ ನೆಲ ನಮ್ಮ ನವಲಗುಂದದ ಎರೆ ಮಣ್ಣಿನ ಖಾಸಾ ತಮ್ಮ, ಒಂದು ಮಳೆಗೆ ಗಾಡಿಯ ಗಾಲಿಯನ್ನೇ ನುಂಗುತ್ತದೆ. ವಿಮಾನ ಇಳಿಯಲಾಗದೆ ಜುಬಾದಲ್ಲೇ 11 ದಿನ ಕೂತೆ, ಕೋಣೆ ಬಾಡಿಗೆ ಕೈಯಿಂದ. ಕಟ್ಟಲು ಹೋದರೆ ಡಾಲರ್ ನೋಟು ಹಳೆಯವು! 2006ಕ್ಕಿಂತ ಮುಂಚಿನ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ, ಮಡಚಿದ ಗೆರೆ ಇದ್ದರೂ ಮೂಗು ಮುರಿಯುತ್ತಾರೆ. 900ರಲ್ಲಿ 600 ಡಾಲರ್ ನೋಟು ಕಿಸೆಯಲ್ಲಿದ್ದೂ ಕಾಗದ. ಕೇರಳದ ಒಬ್ಬ ಲೆಕ್ಕಿಗ ಸಾಲ ಕೊಟ್ಟು ಮಾನ ಉಳಿಸಿದ.

ಮೂರನೇ ಸಲ ತಕ್ಕಡಿ ಮುಂದಿಟ್ಟುಕೊಂಡು ಕೂತೆ. ಸೂಟ್‌ಕೇಸ್ ಬಿಟ್ಟು ಕ್ಯಾನ್ವಾಸ್ ಚೀಲ ಹೊಲಿಸಿದೆ, 900 ಗ್ರಾಂ. 24 ಇಂಚಿನ ಕಬ್ಬಿಣದ ಪೈಪ್ ಪಾನಾ ನಾಲ್ಕೂವರೆ ಕಿಲೋ ತೂಗುತ್ತದೆ, ಅಲ್ಯೂಮಿನಿಯಂದು ಮೂರರೊಳಗೆ. ಏಳೆಂಟು ಸಾವಿರ ಕೊಟ್ಟೆ ಅಂದಾಗ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಸ್ಪ್ಯಾನರ್ ಸೆಟ್ಟಿನಿಂದ ಆರು ಮಾತ್ರ ಆರಿಸಿದೆ. ಯಾವ ಆರು ಅಂತ ಕೇಳಬೇಡಿ, ಅದು ನನ್ನ ಅನ್ನ. ಅಂಗಿ ಎರಡು, ಪ್ಯಾಂಟ್ ಎರಡು. ಬೂಟು ಕಾಲಲ್ಲಿ. ಸೊಳ್ಳೆಪರದೆ ಒಯ್ಯಲಿಲ್ಲ, ಶಿಬಿರದಲ್ಲಿ ಸಿಗುತ್ತದೆ. ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಅಂತ ನೋಡುವ ಡಿಪಿಡಿ ಮಾತ್ರೆ ಮಾತ್ರ ನಾನೇ ಒಯ್ದೆ, ಅಲ್ಲಿಯದು ಬಿಸಿಲಿಗೆ ಕೆಟ್ಟಿರುತ್ತದೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಇಪ್ಪತ್ತು: ವೀಸಾ, ಪರದೇಶಿ ನೋಂದಣಿ, ಗುರುತಿನ ಚೀಟಿ ಅಂತ ಹದಿನಾಲ್ಕು ಖರ್ಚಾದವು. ಡಾಲರ್ ಹೊಸ ನೋಟು, ಪುಸ್ತಕದ ನಡುವೆ ಚಪ್ಪಟೆ. ಒಂದು ಭಾಗ ಎಲ್ಲಿ ಹೊಲಿದಿದ್ದೆ ಅಂತ ಬರೆಯುವುದಿಲ್ಲ.

ಉಳಿದ ಎರಡು ಕಿಲೋ ಖಡಕ್ ರೊಟ್ಟಿಗೆ. ಬೆಂಟಿಯುಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಒಯ್ದವು ವಾರದಲ್ಲಿ ಬೂಷ್ಟು ಹಿಡಿದಿದ್ದವು. ಈ ಸಲ ಹಂಚಿನ ಮೇಲೆ ಎರಡನೇ ಸಲ ಸುಡಿಸಿ, ಒಂದು ದಿನ ಬಿಸಿಲಿಗಿಟ್ಟು, ಹಳೇ ಧೋತರದಲ್ಲಿ ಸುತ್ತಿದೆ. 40 ರೊಟ್ಟಿ, ಶೇಂಗಾ ಚಟ್ನಿಪುಡಿ. ಅರ್ಧದಷ್ಟು ದಾರಿಯಲ್ಲೇ ಪುಡಿಯಾದವು, ಕೆಡಲಿಲ್ಲ ಮಾತ್ರ. ಅಲ್ಲಿಯವರದೂ ಜೋಳವೇ, ಹುದುಗು ಬಂದ ಹಿಟ್ಟನ್ನು ಕಾದ ಹಂಚಿನ ಮೇಲೆ ತೆಳ್ಳಗೆ ಎಳೆದು ಕಿಸ್ರಾ ಮಾಡುತ್ತಾರೆ. ಶಿಬಿರದ ಅಡುಗೆ ಹೆಂಗಸರಿಗೆ ರೊಟ್ಟಿ ಚೂರು ಕೊಟ್ಟೆ. ಹಲ್ಲಿಗೆ ತಾಗಿಸಿ ನೋಡಿ, ಸಾರಿನಲ್ಲಿ ನೆನೆಸಿ ತಿಂದರು. ಮರುದಿನದಿಂದ ನನ್ನ ತಟ್ಟೆಗೆ ಒಂದು ಕಿಸ್ರಾ ಹೆಚ್ಚು.

ಖರ್ಚು ಒಟ್ಟು ಇಪ್ಪತ್ತೆರಡು ಸಾವಿರದ ಹತ್ತಿರ, ಟಿಕೆಟ್ ಸಂಸ್ಥೆಯದು. ಕೇರಳದವನ ಸಾಲ ಜುಬಾದಲ್ಲೇ ತೀರಿಸಿದೆ. ಮೇಸ್ತ್ರಿಗೆ ತಕ್ಕಡಿಯ ಫೋಟೋ ಕಳಿಸಿದೆ. 'ಬೂಟು ತೂಗಿಲ್ಲಲ್ಲೋ ನೀ' ಅಂದರು.