ಗಾಡಿ ಹೊರಗ ತೆಗಿಯೂ ಮೊದಲ

ಮೂವತ್ತೊಂದು ವರ್ಷ ನಾನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದೆ. ಸೇರಿದಾಗ ಕೆಎಸ್ಆರ್‌ಟಿಸಿ. 1997ರಲ್ಲಿ ವಾಯವ್ಯ ಸಾರಿಗೆ ಬೇರೆಯಾಯಿತು, ಅದರಲ್ಲೇ ನಿವೃತ್ತಿ. ಡಿಪೋದಲ್ಲಿ ನಮಗೆಲ್ಲ ಒಂದು ಲೆಕ್ಕದ ಅಂಜಿಕೆ ಇರುತ್ತಿತ್ತು, ಅದರ ಹೆಸರು ಕೆಎಂಪಿಎಲ್. ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ತಂದೆ ಎಂಬ ಲೆಕ್ಕ. ಡ್ಯೂಟಿ ಮುಗಿಸಿ ಬಂದು ಬಸ್ಸನ್ನು ಪಂಪಿಗೆ ಹಚ್ಚಿದರೆ ಟ್ಯಾಂಕ್ ತುಂಬಿಸಿ, ಹೋದ ಡೀಸೆಲ್ಲು, ಓಡಿದ ಕಿಲೋಮೀಟರು ಎರಡನ್ನೂ ಬರೆದುಕೊಳ್ಳುತ್ತಿದ್ದರು. ಅದೇ ರಸ್ತೆ, ಅದೇ ಬಸ್ಸು, ಹತ್ತುವ ಮಂದಿಯೂ ಅಷ್ಟೇ. ಆದರೂ ಒಬ್ಬನ ಕೈಯಲ್ಲಿ ಹೆಚ್ಚು ಬರುತ್ತಿತ್ತು, ಇನ್ನೊಬ್ಬನ ಕೈಯಲ್ಲಿ ಕಡಿಮೆ. ಅದಕ್ಕೇ ಈಗ ಪೆಟ್ರೋಲ್ ದರ ಏರಿತು ಎಂದು ಯಾರಾದರೂ ನನ್ನ ಮುಂದೆ ಸಂಕಟ ಹೇಳಿಕೊಂಡರೆ ನಾನು ಮೊದಲು ಕೇಳುವುದು ಒಂದೇ ಮಾತು: "ನಿನ್ನ ಗಾಡಿ ಲೀಟರಿಗೆ ಎಷ್ಟು ಕೊಡತೈತಿ ತಮ್ಮಾ?" ಶೋರೂಮಿನವರು ಹೇಳಿದ್ದು ಎಲ್ಲರಿಗೂ ನೆನಪಿರುತ್ತದೆ. ತಮ್ಮ ಗಾಡಿ ನಿಜವಾಗಿ ಕೊಡುವುದು ಎಷ್ಟು ಅನ್ನುವುದು ಬಹಳ ಮಂದಿಗೆ ಗೊತ್ತಿರುವುದಿಲ್ಲ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಊರಿನ ಒಂದು ಭಾಗ ಮುಳುಗಡೆಯಾಗಿ ಇಲ್ಲಿಗೆ ಬಂದವರು. ಹಳೇ ಊರಿನಲ್ಲಿದ್ದಾಗ ಪೆಟ್ರೋಲ್ ಎನ್ನುವುದು ನಮ್ಮ ಮನೆಯ ಖರ್ಚಿನ ಪಟ್ಟಿಯಲ್ಲೇ ಇರಲಿಲ್ಲ. ಕಿರಾಣಿ ಅಂಗಡಿ, ದವಾಖಾನೆ, ಗುಡಿ, ಬೀಗರ ಮನೆ ಎಲ್ಲ ಕಾಲಳತೆಯಲ್ಲಿ. ನವನಗರಕ್ಕೆ ಬಂದ ಮೇಲೆ ಮನೆ ದೊಡ್ಡದಾಯಿತು, ರಸ್ತೆ ಅಗಲವಾದವು, ಜೊತೆಗೆ ಎಲ್ಲವೂ ದೂರವಾಯಿತು. ಹಳೇ ಊರಿನ ಪೇಟೆಗೆ ನಮ್ಮ ಮನೆಯಿಂದ ಹೋಗಿಬರಲು ಹತ್ತು ಹನ್ನೆರಡು ಕಿಲೋಮೀಟರ್. ಜೋಳ, ಬೇಳೆ, ಎಣ್ಣೆಯ ಪಕ್ಕದಲ್ಲಿ ಪೆಟ್ರೋಲ್ ಕೂಡ ಅಡುಗೆಮನೆಯ ಲೆಕ್ಕಕ್ಕೆ ಬಂತು. ಹಾಗೆ ಬಂದ ಮೇಲೆ ಜೋಳವನ್ನು ಹೇಗೆ ನೋಡಿಕೊಳ್ಳುತ್ತೇವೋ ಹಾಗೇ ಅದನ್ನೂ ನೋಡಿಕೊಳ್ಳಬೇಕು.

ಒಂದು ಭಾನುವಾರದ ಮಾತು. ಮಗ ಬೆಳಿಗ್ಗೆ ಶೇಂಗಾ ತರಲು ಹಳೇ ಊರಿಗೆ ಹೋಗಿ ಬಂದ. ಬಂದು ಚಹಾ ಕುಡಿಯುವಷ್ಟರಲ್ಲಿ ಅವರ ಅವ್ವನಿಗೆ ಪೂಜೆಯ ಸಾಮಾನು ನೆನಪಾಯಿತು, ಮತ್ತೆ ಹೋದ. ಸಂಜೆ ರಿಪೇರಿಗೆ ಕೊಟ್ಟಿದ್ದ ಮಿಕ್ಸರ್ ತರಲು ಮೂರನೇ ಸಲ. ಮೂವತ್ತಾರು ಕಿಲೋಮೀಟರ್, ಮುಕ್ಕಾಲು ಲೀಟರಿಗಿಂತ ಹೆಚ್ಚು ಪೆಟ್ರೋಲ್, ಅಂದರೆ ಎಂಬತ್ತು ರೂಪಾಯಿ. ತಂದ ಶೇಂಗಾ ಅರ್ಧ ಕಿಲೋ. ಅವತ್ತು ರಾತ್ರಿ ನಮ್ಮ ಮನೆಯವಳು ಮೊಮ್ಮಗಳ ಹಳೇ ಸ್ಲೇಟನ್ನು ತಂದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ದಾರಕ್ಕೆ ಬಳಪ ಕಟ್ಟಿದಳು. ಮೇಲೆ ಬರೆದಿದ್ದು "ಹಳೇ ಊರು". ಯಾರಿಗೆ ಏನು ಬೇಕೋ ಅದರ ಮೇಲೆ ಬರೆಯಬೇಕು, ನಾಲ್ಕೈದು ಕೆಲಸ ಕೂಡಿದ ಮೇಲೆ ಒಬ್ಬರು ಹೋಗಿ ಎಲ್ಲ ಮುಗಿಸಿಕೊಂಡು ಬರಬೇಕು. ಔಷಧಿ ಬಿಟ್ಟು ಉಳಿದ ಯಾವುದಕ್ಕೂ ಸ್ಲೇಟನ್ನು ದಾಟಿ ಗಾಡಿ ತೆಗೆಯುವ ಹಾಗಿಲ್ಲ. ನಾನು ಕಂಡ ಮಟ್ಟಿಗೆ ಇದಕ್ಕಿಂತ ದೊಡ್ಡ ಉಳಿತಾಯ ಬೇರೊಂದಿಲ್ಲ. ಇಂಜಿನ್ ತಣ್ಣಗಿದ್ದಾಗ ಮೊದಲ ಒಂದೆರಡು ಕಿಲೋಮೀಟರಿಗೆ ಹೆಚ್ಚು ಕುಡಿಯುತ್ತದೆ. ಆರಿದ ಒಲೆಯನ್ನು ಮೂರು ಸಲ ಹೊತ್ತಿಸಿ ಮೂರು ರೊಟ್ಟಿ ಬೇಯಿಸುವುದೂ, ಒಮ್ಮೆ ಹಂಚು ಕಾಯಿಸಿ ಬುಟ್ಟಿ ತುಂಬ ಬಡಿಯುವುದೂ ಒಂದೇ ಆಗುತ್ತದೆಯೇ?

ಇನ್ನು ಅಳೆಯುವ ರೀತಿ. ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರಿನ ಕಿಲೋಮೀಟರ್ ಬರೆದುಕೊಳ್ಳಿ. ವಾರ ಹತ್ತು ದಿನ ಎಂದಿನಂತೆ ಓಡಿಸಿ, ಮತ್ತೆ ಅದೇ ಪಂಪಿಗೆ ಹೋಗಿ ಪೂರ್ತಿ ತುಂಬಿಸಿ. ಈ ಸಲ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಓಡಿದ ಕಿಲೋಮೀಟರನ್ನು ಭಾಗಿಸಿ. ನೂರು ರೂಪಾಯಿ, ಇನ್ನೂರು ರೂಪಾಯಿ ಅಂತ ಹಾಕಿಸುತ್ತ ಹೋದರೆ ಈ ಲೆಕ್ಕ ಎಂದೂ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಇದು ಗೋಡೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಕೆಳಗೆ ಇರುತ್ತದೆ.

ಆ ಕ್ಯಾಲೆಂಡರ್ ನೋಡಿಯೇ ಸೊಸೆಯ ಸ್ಕೂಟರಿನ ರೋಗ ಸಿಕ್ಕಿದ್ದು. ಲೀಟರಿಗೆ 45 ಕೊಡುತ್ತಿದ್ದದ್ದು 36ಕ್ಕೆ ಇಳಿದಿತ್ತು. "ಮಾವಾರ, ಪೆಟ್ರೋಲ್ ಚಲೋ ಬರವಲ್ದು ಈಗ" ಅಂದಳು. "ತಡಿ ಯವ್ವಾ, ಮೊದಲ ಗಾಡಿ ನೋಡೂಣು" ಅಂದೆ. ನಡುವಿನ ಸ್ಟ್ಯಾಂಡ್ ಹಾಕಿ ಮುಂದಿನ ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದೆ. ಹಗುರಾಗಿ ನಾಲ್ಕು ಸುತ್ತು ಬರಬೇಕಾದದ್ದು ಗರ್ ಎಂದು ಅರ್ಧ ಸುತ್ತಿಗೇ ನಿಂತಿತು. ಬ್ರೇಕ್ ಹಿಡಿದುಕೊಂಡಿತ್ತು. ಹಿಂದಿನ ಟೈರಿನಲ್ಲಿ ಗಾಳಿ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ಬ್ರೇಕ್ ಸಡಿಲ ಮಾಡಿಸಿ ಗಾಳಿ ಹಾಕಿಸಿದ ಮೇಲೆ ಮುಂದಿನ ಟ್ಯಾಂಕಿಗೆ 44 ಬಂತು. ತಿಂಗಳಿಗೆ 900 ಕಿಲೋಮೀಟರ್ ಓಡುವ ಗಾಡಿಗೆ 45 ಬಂದರೆ 20 ಲೀಟರ್ ಸಾಕು, 36 ಬಂದರೆ 25 ಬೇಕು. ಐದು ಲೀಟರ್, ಐದುನೂರು ರೂಪಾಯಿಗೂ ಮೇಲೆ. ಸರ್ಕಾರ ಎರಡು ರೂಪಾಯಿ ಇಳಿಸಲಿ ಎಂದು ನಾವು ಕಾಯುತ್ತೇವೆ. ಎರಡು ರೂಪಾಯಿ ಇಳಿದರೆ ಆ ಸ್ಕೂಟರಿಗೆ ಉಳಿಯುವುದು ತಿಂಗಳಿಗೆ ಬರೀ ನಲವತ್ತು ಐವತ್ತು ರೂಪಾಯಿ.

ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸಿ, ಟೈರ್ ತಣ್ಣಗಿರುವ ಬೆಳಗಿನ ಹೊತ್ತು. ನಮ್ಮ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಹೋದರೆ ಕಾದ ಟೈರು ಹೆಚ್ಚಿಗೆ ತೋರಿಸಿ ಮೋಸ ಮಾಡುತ್ತದೆ. ಎಷ್ಟು ಹಾಕಿಸಬೇಕು ಎಂಬುದು ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಅಥವಾ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಕಾರಿಗಾದರೆ ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ನೋಡಿ. ಒಬ್ಬರು ಕೂತರೆ ಒಂದು ಅಳತೆ, ಹಿಂದೆ ಇನ್ನೊಬ್ಬರು ಕೂತರೆ ಬೇರೆ. ಪೆಟ್ರೋಲ್ ಪಂಪಿನಲ್ಲಿ ಗಾಳಿಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಕೇಳಲು ಸಂಕೋಚ ಬೇಡ. ಬೈಕಿನ ಚೈನು ಒಣಗಿ ಕೆಂಪಾಗಿದ್ದರೆ ಒರೆಸಿ ಎಣ್ಣೆ ಬಿಡಿ. ಎರೆ ಹೊಲದ ದಾರಿಯಲ್ಲಿ ದಿನಾ ಓಡಾಡುವವರು ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ತೆಗೆಸಿ ನೋಡಿಸಬೇಕು. ಕಾಗದದ ಫಿಲ್ಟರ್ ತೊಳೆಯಬೇಡಿ, ಬದಲಿಸಿ.

ಓಡಿಸುವ ಕೈಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳುತ್ತೇನೆ, ಇದು ನನ್ನ ಅನ್ನದ ವಿದ್ಯೆ. ನಾನು ಹೊಸದಾಗಿ ಸೇರಿದಾಗ ಹಿರಿಯ ಡ್ರೈವರ್ ಒಬ್ಬರು ಪಕ್ಕದಲ್ಲಿ ಕೂತು ಹೇಳಿದ್ದರು: "ತಮ್ಮಾ, ಹಿಂದಿನ ಸೀಟಿನಾಗ ಹಸಿ ಬಾಣಂತಿ ಕುಂತಾಳ ಅಂತ ತಿಳಕೊಂಡು ಓಡಸು." ಮೂವತ್ತು ವರ್ಷ ಅದನ್ನೇ ಮಾಡಿದೆ. ಬಾಣಂತಿ ಕೂತಿದ್ದರೆ ಒಮ್ಮೆಲೇ ಎಕ್ಸಲರೇಟರ್ ತಿರುವುವುದಿಲ್ಲ. ದೂರದಿಂದಲೇ ಹಂಪ್ ನೋಡಿ ಎಕ್ಸಲರೇಟರ್ ಬಿಡುತ್ತೀರಿ, ಬ್ರೇಕ್ ಕಡಿಮೆ ಬೀಳುತ್ತದೆ. ಒಂದೊಂದು ಸಲ ಬ್ರೇಕ್ ತುಳಿದಾಗಲೂ ನೀವು ಆಗಲೇ ಸುಟ್ಟ ಎಣ್ಣೆಯನ್ನು ರಸ್ತೆಗೆ ಚೆಲ್ಲಿದ ಹಾಗೆ. ಬೈಕಾಗಲಿ ಕಾರಾಗಲಿ 45ರಿಂದ 55ರ ವೇಗದಲ್ಲಿ ಟಾಪ್ ಗೇರಿನಲ್ಲಿ ಒಂದೇ ಹದಕ್ಕೆ ಹೋದರೆ ಚಲೋ ಮೈಲೇಜ್. ಎಂಬತ್ತು ದಾಟಿದರೆ ಎದುರುಗಾಳಿಯನ್ನು ಸೀಳಲಿಕ್ಕೇ ಪೆಟ್ರೋಲ್ ಖರ್ಚು. ಕ್ಲಚ್ ಮೇಲೆ, ಬ್ರೇಕ್ ಮೇಲೆ ಸುಮ್ಮನೆ ಕಾಲಿಟ್ಟುಕೊಂಡು ಹೋಗುವ ಚಟ ಬಿಡಿ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಇಂಜಿನ್ ಬಂದ್ ಮಾಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಉಳಿಯುತ್ತದೆ ಎಂದು ನಮ್ಮ ಕಾಲದವರು ಕೆಲವರು ಇನ್ನೂ ಹೇಳುತ್ತಾರೆ. ಕೇಳಬೇಡಿ. ಈಗಿನ ಇಂಜೆಕ್ಷನ್ ಗಾಡಿಗಳು ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಉರಿಯುತ್ತಲೇ ಇರುತ್ತದೆ. ಮೇಲಾಗಿ ಗಾಡಿ ಹಿಡಿತ ತಪ್ಪುತ್ತದೆ. ಜೀವ ಹೋಗುವ ಉಳಿತಾಯ ಯಾರಿಗೂ ಬೇಡ.

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಹೋಗುವವರಿಗೆ ಬೇರೆ ಮಾತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಏರಿಸಿ ಇಳಿಸಿ, ಏರಿಸಿ ಇಳಿಸಿ ಹೋದರೆ ಪೆಟ್ರೋಲೂ ಹೋಗುತ್ತದೆ, ತಾಳ್ಮೆಯೂ ಹೋಗುತ್ತದೆ. ಅರ್ಧ ತಾಸು ಮೊದಲೇ ಹೊರಡಿ. ಟ್ರ್ಯಾಕ್ಟರಿನ ಹಿಂದೆ ಸಿಕ್ಕರೆ ದೂರ ಬಿಟ್ಟು ಒಂದೇ ಗೇರಿನಲ್ಲಿ ನಿಧಾನ ಬನ್ನಿ, ರಸ್ತೆ ಪೂರ್ತಿ ಕಂಡ ಮೇಲೆ ಮಾತ್ರ ದಾಟಿ.

ಆ ಕಬ್ಬೇ ಈಗ ನಮ್ಮ ಟ್ಯಾಂಕಿಗೂ ಬಂದಿದೆ. ಪಂಪಿನಲ್ಲಿ ಇ20 ಎಂದು ಬರೆದಿರುತ್ತದಲ್ಲ, ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಅದರಿಂದ ಲಾಭವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಲೀಟರ್ ಲೆಕ್ಕದಲ್ಲಿ ಎಥನಾಲಿನ ಕಸುವು ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹೀಗಾಗಿ ಮೈಲೇಜ್ ಸ್ವಲ್ಪ ಇಳಿದರೆ ಮೆಕ್ಯಾನಿಕ್ಕನ ಮೇಲೆ ಸಿಟ್ಟಾಗಬೇಡಿ. ಬಹಳ ಇಳಿದರೆ ಮಾತ್ರ ಗಾಡಿಯಲ್ಲಿ ದೋಷವಿದೆ ಎಂದು ತಿಳಿಯಿರಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕ್ ತಳ ಕಾಣುವಂತೆ ಬಿಡಬೇಡಿ, ಮುಚ್ಚಳದ ರಬ್ಬರ್ ಹರಿದಿದ್ದರೆ ಬದಲಿಸಿ. ಹತ್ತಾರು ವರ್ಷದ ಹಳೇ ಬೈಕಾದರೆ ಪೆಟ್ರೋಲ್ ಪೈಪು ಬಿರಿದಿದೆಯೇ ಎಂದು ಬೆರಳಾಡಿಸಿ ನೋಡಿ.

ಪಂಪಿನಲ್ಲಿ ಬೈಕಿನಿಂದ ಇಳಿದು ನಿಲ್ಲಿ, ಮೀಟರ್ ಸೊನ್ನೆ ತೋರಿಸಿದ ಮೇಲೆ ಹಾಕಲು ಹೇಳಿ. ಒಂದು ಸಲ ಬೇರೆ ಊರಿನ ಪಂಪಿನಲ್ಲಿ ನನಗೇ ಹೀಗಾಯಿತು. ಮಾತಿಗೆಳೆದರು, ತಿರುಗಿ ನೋಡುವಷ್ಟರಲ್ಲಿ ಮೀಟರ್ ಓಡುತ್ತಿತ್ತು, ಎಲ್ಲಿಂದ ಶುರುವಾಯಿತೋ ಕಾಣಲಿಲ್ಲ. ಅಳತೆಯ ಮೇಲೆ ಸಂಶಯ ಬಂದರೆ ಐದು ಲೀಟರಿನ ಮುದ್ರೆಯಿರುವ ಅಳತೆ ಪಾತ್ರೆ ತರಿಸಿ ಅಳೆದು ತೋರಿಸಿ ಎನ್ನಿ. ಕಲಬೆರಕೆಯ ಸಂಶಯವಿದ್ದರೆ ಫಿಲ್ಟರ್ ಪೇಪರ್ ಕೇಳಿ. ಒಂದು ಹನಿ ಹಾಕಿದರೆ ಒಳ್ಳೆಯ ಪೆಟ್ರೋಲ್ ಎರಡು ನಿಮಿಷದಲ್ಲಿ ಕಲೆ ಬಿಡದೆ ಆರಿಹೋಗುತ್ತದೆ. ಇವೆರಡೂ ಗಿರಾಕಿಯ ಹಕ್ಕು. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನೂರರ ಬದಲು ನೂರಾ ಹತ್ತು ರೂಪಾಯಿಗೆ ಹಾಕಿಸಿದರೆ, ನಸುಕಿನಲ್ಲಿ ಹಾಕಿಸಿದರೆ ಹೆಚ್ಚು ಬೀಳುತ್ತದೆ ಎನ್ನುವ ಮಾತುಗಳಲ್ಲಿ ಹುರುಳಿಲ್ಲ. ಪೆಟ್ರೋಲ್ ಇರುವುದು ನೆಲದೊಳಗಿನ ಟ್ಯಾಂಕಿನಲ್ಲಿ, ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಬಿಸಿ ಅಷ್ಟೇನೂ ಬದಲಾಗುವುದಿಲ್ಲ.

ದರ ಏರುವುದೇಕೆ ಎಂದು ಮೊಮ್ಮಗಳು ಕೇಳುತ್ತಾಳೆ. ಕಚ್ಚಾ ತೈಲದ ಬಹುಪಾಲನ್ನು ನಾವು ಹೊರದೇಶಗಳಿಂದ ಡಾಲರ್ ಕೊಟ್ಟು ತರುತ್ತೇವೆ, ಅದರ ಮೇಲೆ ಕೇಂದ್ರದ ಸುಂಕ, ರಾಜ್ಯದ ತೆರಿಗೆ. ಪೆಟ್ರೋಲ್ ಇನ್ನೂ ಜಿಎಸ್‌ಟಿಗೆ ಸೇರಿಲ್ಲ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿದಾಗ ಒಂದೇ ದಿನಕ್ಕೆ ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾಯಿತು. ಆಗಲೇ ನಮ್ಮ ಮನೆಯಲ್ಲಿ ಒಂದು ತಪ್ಪಾಯಿತು. ಮಗ ಇನ್ನೂ ಏರುತ್ತದೇನೋ ಎಂದು ಐದು ಲೀಟರ್ ಪೆಟ್ರೋಲನ್ನು ನೀರಿನ ಕ್ಯಾನಿನಲ್ಲಿ ತಂದು, ದೇವರ ಕೋಣೆಯ ಪಕ್ಕದ ಸಾಮಾನಿನ ಮೂಲೆಯಲ್ಲಿ ಇಟ್ಟಿದ್ದ. ಸಂಜೆ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಹಿಡಿದ ನಮ್ಮ ಮನೆಯವಳಿಗೆ ವಾಸನೆ ಬಂತು. ಕಡ್ಡಿ ಗೀರಲಿಲ್ಲ, ದೇವರು ದೊಡ್ಡವನು. ಪೆಟ್ರೋಲಿನ ಆವಿ ನೆಲಹಿಡಿದು ಹರಿಯುತ್ತದೆ, ದೂರದ ದೀಪಕ್ಕೂ ಮುಟ್ಟುತ್ತದೆ. ಕೈಮುಗಿದು ಹೇಳುತ್ತೇನೆ, ಮನೆಯೊಳಗೆ ಒಂದು ಬಾಟಲಿಯಷ್ಟೂ ಇಡಬೇಡಿ. ಐದು ಲೀಟರಿಗೆ ಮೂರು ರೂಪಾಯಿಯಂತೆ ಉಳಿಯುವುದು ಹದಿನೈದು ರೂಪಾಯಿ.

ಗಾಡಿಯೇ ಬೇಡವಾದ ಕೆಲಸಗಳೂ ಬಹಳ ಇವೆ. ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಮನೆಯವಳು ಗುಳೇದಗುಡ್ಡದ ತವರಿಗೆ ಆಧಾರ್ ಕಾರ್ಡ್ ತೋರಿಸಿ ಬಸ್ಸಿನಲ್ಲೇ ಹೋಗುತ್ತಾಳೆ. ಮಗ ಬೈಕ್ ಮೇಲೆ ಬಿಟ್ಟುಬರುವುದು ತಪ್ಪಿತು. ಒಂದೇ ಕಚೇರಿಗೆ ಹೋಗುವ ನೆರೆಮನೆಯ ಇಬ್ಬರು ಈಗ ವಾರಕ್ಕೊಬ್ಬರಂತೆ ಬೈಕ್ ತೆಗೆಯುತ್ತಾರೆ, ಹಿಂದೆ ಕೂತವರಿಗೂ ಹೆಲ್ಮೆಟ್ ಇದೆ. ಸೆಕ್ಟರಿನೊಳಗಿನ ಅಂಗಡಿಗೆ, ಹಾಲಿಗೆ, ಝೆರಾಕ್ಸಿಗೆ ನಾನು ನಡೆದೇ ಹೋಗುತ್ತೇನೆ.

ಈಗ ಸ್ಲೇಟಿನ ಮೇಲೆ ಮೂರು ಸಾಲಿವೆ. ಗೋಧಿ, ಕೊಡೆ ರಿಪೇರಿ, ಮೊಮ್ಮಗಳ ನೋಟ್‌ಬುಕ್. ಸೊಸೆ ಇದೀಗ ಬಂದು ನಾಲ್ಕನೆಯದು ಬರೆದಳು, ಟೇಲರ್ ಹತ್ತಿರ ಜಂಪರ್. "ಮಾವಾರ, ಅವಸರ ಇಲ್ರೀ" ಅಂದಳು. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗುತ್ತೇನೆ, ದಾರಿಯಲ್ಲೇ ಗಾಳಿಯನ್ನೂ ನೋಡಿಸಿಕೊಂಡು.