ಎರೆ ಹೊಲದ ಬಿರುಕಿಗೆ ಜಿಪ್ಪು: ದಿನಬಳಕೆಯ ವಸ್ತುವಿನಿಂದ ರೂಪಕ ಬಿಡಿಸುವ ಬಗೆ

ಚಿತ್ರದಲ್ಲಿ ರೂಪಕ ನಿಲ್ಲಬೇಕಾದರೆ ವಸ್ತುವಿನ ಆಕಾರ ಹೊಂದಿದರೆ ಸಾಲದು, ಅದರ ಕೆಲಸವೂ ಹೊಂದಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆಯೆಲ್ಲ ಕಾಣುವ ಜಿಪ್ಪನ್ನೇ ತೆಗೆದುಕೊಳ್ಳಿ. ಉದ್ದಕ್ಕೆ ಹಾಸಿದರೆ ತುಂಗಭದ್ರಾ ಎಡದಂಡೆ ಕಾಲುವೆಯಂತೆ ಕಾಣುತ್ತದೆ. ಆದರೆ ಕಾಲುವೆ ಎರಡು ದಂಡೆಗಳನ್ನು ಕೂಡಿಸುವುದಿಲ್ಲ. ಜಿಪ್ಪಿನ ಕೆಲಸವೇ ಕೂಡಿಸುವುದು. ಅದನ್ನೇ ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆ ಹೊಲಕ್ಕೆ ಹಾಕಿ ನೋಡಿ. ಮಳೆನೀರು ಕುಡಿದ ಎರೆಮಣ್ಣು ಉಬ್ಬಿ, ಬಿರುಕು ತಾನೇ ಮುಚ್ಚಿಕೊಳ್ಳುತ್ತದೆ. ಈಗ ಕೂಡಿತು.

ಹೇಳಬೇಕಾದ್ದನ್ನು ಮೊದಲು ಕ್ರಿಯಾಪದವಿರುವ ಒಂದೇ ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ: ‘ಮಳೆ ಬಂದು ನೆಲದ ಬಿರುಕು ಮುಚ್ಚಿತು.’ ಬರೀ ‘ಮಳೆ’ ಎಂದು ಬರೆದುಕೊಂಡರೆ ಕೈ ಛತ್ರಿಯ ಕಡೆಗೇ ಹೋಗುತ್ತದೆ. ಆಮೇಲೆ ವಸ್ತುವನ್ನು ಎದುರಿಗಿಟ್ಟು ಮೇಲಿನಿಂದ, ಪಕ್ಕದಿಂದ, ಅರ್ಧ ತೆರೆದು, ಪೂರ್ತಿ ತೆರೆದು ಬಿಡಿಸುತ್ತೇನೆ. ನೆನಪಿನಿಂದ ಬಿಡಿಸಬಾರದು. ನೆನಪಿನಲ್ಲಿ ಜಿಪ್ಪಿನ ಹಲ್ಲುಗಳು ಎದುರುಬದುರು ನಿಂತಿರುತ್ತವೆ. ನಿಜದಲ್ಲಿ ಒಂದು ಬದಿಯ ಹಲ್ಲು ಇನ್ನೊಂದು ಬದಿಯ ಸಂದಿಗೆ ಕೂರುತ್ತದೆ. ಎದುರುಬದುರು ಬರೆದರೆ ಅದು ಜಿಪ್ಪಾಗದೆ ಏಣಿಯಾಗುತ್ತದೆ. ಹಲ್ಲುಗಳನ್ನು ಕೂಡಿಸುತ್ತ ಓಡುವ ರನ್ನರ್‌ಗೆ ಒಂದು ತುದಿಯಲ್ಲಿ ಎರಡು ಬಾಯಿ, ಇನ್ನೊಂದು ತುದಿಯಲ್ಲಿ ಒಂದೇ. ಎರಡು ಬಾಯಿಯ ತುದಿ ತೆರೆದ ಭಾಗದ ಕಡೆಗಿರಬೇಕು.

ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿದರೆ 8 ಮನೆ. ಮನೆಗೊಂದು ಕರಡು, ರಬ್ಬರ್ ಮುಟ್ಟಬಾರದು. ಮೊದಲ ಮೂರ್ನಾಲ್ಕು ಮನೆಗಳಲ್ಲಿ ಎಲ್ಲರೂ ಬರೆಯುವುದೇ ಬರುತ್ತದೆ, ಬರಲಿ. ಅವನ್ನು ಹೊರಗೆ ಹಾಕಿದ ಮೇಲೆಯೇ ಹೊಸದಕ್ಕೆ ಜಾಗ.

ಕಷ್ಟದ ಕೆಲಸ ಬೆಸುಗೆಯದು. ಎರಡು ವಸ್ತುಗಳನ್ನು ಪೂರ್ತಿ ಬಿಡಿಸಿ ಅಂಟಿಸಿದರೆ ರೂಪಕವಾಗುವುದಿಲ್ಲ. ಇಲ್ಲಿ ಪೂರ್ತಿ ಲೋಹವಾಗಿ ಉಳಿಯುವುದು ರನ್ನರ್ ಮಾತ್ರ. ಅದರ ಹತ್ತಿರದ ನಾಲ್ಕೈದು ಹಲ್ಲುಗಳು ಸ್ಪಷ್ಟವಾಗಿರಲಿ. ದೂರ ಹೋದಂತೆ ಅವೇ ಮಣ್ಣಿನ ಹೆಂಟೆಗಳಾಗಲಿ. ಎರೆಮಣ್ಣು ಬಲೆಯಂತೆ ಬಿರಿಯುತ್ತದೆ, ನೇರ ಗೆರೆಯಲ್ಲಲ್ಲ. ಒಂದು ಬಿರುಕನ್ನು ಮಾತ್ರ ದಪ್ಪಮಾಡಿ, ಎರಡು ಕಡೆ ಮೆಲ್ಲಗೆ ಬಾಗಿಸುತ್ತೇನೆ. ಹೆಚ್ಚು ಬಾಗಿದರೆ ರನ್ನರ್ ಓಡುವಂತೆ ಕಾಣುವುದಿಲ್ಲ. ಪಕ್ಕದಲ್ಲಿ ಜೋಳದ ಕೂಳೆ ಇದ್ದರೆ ಅಳತೆ ತಿಳಿಯುತ್ತದೆ. ರನ್ನರ್ ಎಳೆಯುವ ಹಿಡಿಯ ಜಾಗದಲ್ಲಿ ಒಂದು ನೀರಹನಿ: ಎಳೆಯುವುದು ಮಳೆಯೇ ತಾನೆ. ಮೋಡವನ್ನೂ ಬರೆಯುವ ಆಸೆ ಹುಟ್ಟುತ್ತದೆ, ಬೇಡ. ಹನಿ ಹೇಳಿದ್ದನ್ನು ಮೋಡ ಮತ್ತೆ ಹೇಳುತ್ತದೆ, ಅಷ್ಟೆ.

ನೆಲಕ್ಕೂ ಲೋಹಕ್ಕೂ ಬೆಳಕು ಒಂದೇ ಕಡೆಯಿಂದ ಬೀಳಬೇಕು, ಹೊರಗೆರೆಯ ದಪ್ಪವೂ ಒಂದೇ ಇರಬೇಕು. ಅಚ್ಚಿನ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬಿಡಿಸುತ್ತೇನೆ, ಹೊರಗೆರೆಗೆ 0.8 ಮಿ.ಮೀ. ಪೆನ್ನು, ಒಳಗೆ 0.3. ಅದಕ್ಕಿಂತ ತೆಳುವಾದ ಗೆರೆ ಪತ್ರಿಕೆಯ ಕಾಗದದ ಮೇಲೆ ಉಳಿಯುವುದಿಲ್ಲ.

ಹಳೆಯ ಹೋಲಿಕೆಗಳನ್ನೂ ಹೀಗೆ ಹೊಸದು ಮಾಡಬಹುದು. ಮೊರದಗಲ ಕಿವಿ ಎನ್ನುವುದು ನಮ್ಮ ಬಾಯಲ್ಲೇ ಇದೆ, ಅದನ್ನು ಹಾಗೇ ಬಿಡಿಸಿದರೆ ಹೊಸದೇನಿಲ್ಲ. ಮೊರ ಕೇರುತ್ತದೆ ಎಂಬುದನ್ನು ಹಿಡಿಯಿರಿ: ಕಿವಿಯಿಂದ ಜೊಳ್ಳು ಹೊರಗೆ ಹಾರುತ್ತಿದೆ, ಕಾಳು ಒಳಗೆ ಉಳಿದಿದೆ. ಗಾಳಿಸುದ್ದಿಯ ವಿರುದ್ಧದ ಪೋಸ್ಟರ್ ಸಿದ್ಧ.

ಮುಗಿದ ಚಿತ್ರವನ್ನು ಶೀರ್ಷಿಕೆಯಿಲ್ಲದೆ ತೋರಿಸಿ ‘ಇಲ್ಲಿ ಏನಾಗ್ತಿದೆ?’ ಎಂದಷ್ಟೇ ಕೇಳುತ್ತೇನೆ. ‘ಜಿಪ್ಪು ಚಲೋ ಬಂದೈತಿ’ ಎಂದರೆ ರನ್ನರ್ ದೊಡ್ಡದಾಗಿದೆ, ಚಿಕ್ಕದು ಮಾಡಬೇಕು. ‘ಹೊಲ ಬಿರಿದೈತಿ’ ಎಂದಷ್ಟೇ ಹೇಳಿದರೆ ಇನ್ನೆರಡು ಹಲ್ಲು ಸ್ಪಷ್ಟವಾಗಬೇಕು. ‘ನೆಲ ಬಿಚ್ಚಿಕೊಳ್ಳಾಕತ್ತೈತಿ’ ಎಂದರೆ ದಿಕ್ಕು ತಿಳಿದಿಲ್ಲ. ಮುಚ್ಚಿದ ಭಾಗದ ಮಣ್ಣಿಗೆ ಹಸಿಯ ಕಪ್ಪು ತುಂಬಿ, ತೆರೆದ ಭಾಗವನ್ನು ಬಿಳಿಚಾಗಿ ಬಿಟ್ಟರೆ ಸರಿಹೋಗುತ್ತದೆ.