ವೈಪರ್ ಮೋಟಾರಿನಲ್ಲಿ ಕಾಫಿ ಹುರಿದ ಕಥೆ

ಸ್ಟೀಲ್ ಡಬ್ಬ, ಗ್ಯಾಸ್ ಒಲೆ, ಹಳೇ ಕಾರಿನ ವೈಪರ್ ಮೋಟಾರ್. ಇಷ್ಟರಲ್ಲೇ ಮನೆ ಕಾಫಿ ಹುರಿಯುತ್ತೇನೆ ಅಂದಾಗ ನಕ್ಕವರು ತುಂಬಾ ಜನ. ಮೊದಲು ನಕ್ಕವನು ಸಕಲೇಶಪುರದ ಕಡೆ ತೋಟ ಇರುವ ನನ್ನ ಗೆಳೆಯ. "ಗಾಜು ಒರೆಸೋ ಮೋಟಾರಲ್ಲಿ ಕಾಫಿ ಹುರೀತೀಯಾ ಮಾರಾಯ? ನನ್ನ ಬೀಜ ಹಾಳು ಮಾಡ್ಬೇಡ" ಅಂದಿದ್ದ. ಹೋದ ತಿಂಗಳು ಅದೇ ಪುಣ್ಯಾತ್ಮ ಫೋನ್ ಮಾಡಿ, ಮನೆಗೆ ನೆಂಟರು ಬರ್ತಾರೆ, ಎರಡು ಕೆಜಿ ಹುರಿದು ಕೊಡು ಅಂದ. ಅದಕ್ಕೇ ಬರೆಯುತ್ತಿದ್ದೇನೆ.

ಹಾಸನದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪ್‌ಸೆಟ್, ಮಿಕ್ಸಿ, ಗ್ರೈಂಡರ್ ಏನೇ ಸುಟ್ಟರೂ ನಮ್ಮಲ್ಲಿಗೇ ಬರುತ್ತದೆ. ಹಾಗಾಗಿ ಮೋಟಾರ್ ನನಗೆ ಹೊಸದಲ್ಲ, ಕಾಫಿ ಹೊಸದು. ಮನೆಯಲ್ಲಿ ಕಾಫಿ ಹುರಿಯುವವರೆಲ್ಲ ಹತ್ತಿ ಬಂದ ಮೆಟ್ಟಿಲನ್ನೇ ನಾನೂ ಹತ್ತಿದ್ದು. ಬಾಣಲೆಯಲ್ಲಿ ಕೈ ಸೋಲುವವರೆಗೆ ಆಡಿಸಿದರೂ ಒಂದು ಬೀಜ ಇದ್ದಿಲು, ಪಕ್ಕದ್ದು ಹಸಿ. ಪಾಪ್‌ಕಾರ್ನ್ ಮೆಷಿನ್‌ಗೆ 1,800 ಕೊಟ್ಟೆ. ಒಂದು ಸಲಕ್ಕೆ 80 ಗ್ರಾಂ ಹಿಡಿಯುತ್ತದೆ, ನಾಲ್ಕೂವರೆ ನಿಮಿಷಕ್ಕೆ ಹುರಿದು ಮುಗಿಸುತ್ತದೆ, ಡಿಕಾಕ್ಷನ್ ಬರೀ ಹುಳಿ. ಹತ್ತೋ ಹನ್ನೊಂದೋ ಸಲ ಆದ ಮೇಲೆ ಕಾವು ಮೀರಿದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಹೋಯಿತು. ನಾನು ಮಹಾ ಬುದ್ಧಿವಂತ, ಅದನ್ನು ಬೈಪಾಸ್ ಮಾಡಿದೆ. ಅದಾಗಿ ಎರಡೇ ಸಲಕ್ಕೆ ಪ್ಲಾಸ್ಟಿಕ್ ಬಾಡಿ ಮೇಣದ ಹಾಗೆ ಕುಸಿದು ಕೂತಿತು.

ಆಮೇಲೆ ಹಿಡಿದ ಹಾಟ್ ಏರ್ ಗನ್ (ಬಿಸಿಗಾಳಿ ಊದುವ ಯಂತ್ರ) ಕೆಟ್ಟದ್ದೇನಲ್ಲ, ಸುಳ್ಳು ಹೇಳಬಾರದು. 2,000 ವ್ಯಾಟಿನದು, ಕೆಳಗೆ ಒಂದು ಸ್ಟೀಲ್ ಬೋಗುಣಿ, ಕೈಯಲ್ಲಿ ಮರದ ಸೌಟು. 150 ಗ್ರಾಂ ಚೆನ್ನಾಗೇ ಹುರಿಯಬಹುದು. ಆದರೆ ವಾರಕ್ಕೆ ನಮ್ಮ ಮನೆಗೆ ಅರ್ಧ ಕೆಜಿ ಬೇಕು, ಅಂದರೆ ನಾಲ್ಕು ಸಲ ನಿಲ್ಲಬೇಕು, ಜೊತೆಗೆ ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ಸರಿಯಾಗಿ ಮೊದಲ ಚಟಪಟ (ಬೀಜ ಕಾದು ಸಿಡಿಯುವ ಸದ್ದು) ಶುರುವಾಗುವ ಹೊತ್ತಿಗೇ ಹೋಗುತ್ತದೆ. ಅರ್ಧದಲ್ಲಿ ಕಾವು ಬಿದ್ದ ಬೀಜ ಮತ್ತೆ ಹುರಿದರೆ ಗೋಧಿ ರೊಟ್ಟಿ ವಾಸನೆ. ಮೂರು ಸಲ ಹಾಗಾಯಿತು. ನಾಲ್ಕನೇ ಸಲ ಗ್ಯಾಸಿಗೆ ಬಂದೆ.

ಅಜ್ಜಿ ಮನೆ ಮೂಡಿಗೆರೆ ಕಡೆ. ಅಲ್ಲಿ ಕೈಯಲ್ಲಿ ತಿರುಗಿಸುವ ಕಬ್ಬಿಣದ ಡ್ರಮ್ ಇತ್ತು, ಕೆಳಗೆ ಕೆಂಡ. ಆಗ ಕಾಫಿ ಬೋರ್ಡಿನ ಪೂಲ್ ಕಾಲ, ಬೆಳೆದದ್ದನ್ನು ಸರ್ಕಾರದ ಬೋರ್ಡಿಗೇ ಕೊಡಬೇಕಿತ್ತು, ಒಳ್ಳೆ ಬೀಜವೆಲ್ಲ ಅಲ್ಲಿಗೇ ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಬೆಳೆಗಾರರೇ ಮಾರಿಕೊಳ್ಳಲು ಬಿಡುವವರೆಗೂ ಮನೆಗೆ ಉಳಿಯುತ್ತಿದ್ದದ್ದು ಒಡಕು, ಕಪ್ಪು, ಸಣ್ಣದು. ಅದನ್ನೇ ಅಜ್ಜಿ ಎಷ್ಟು ಹದವಾಗಿ ಹುರಿಯುತ್ತಿದ್ದಳು ಅಂದರೆ, ಈಗ ಪ್ಲಾಂಟೇಷನ್ ಎ (ಅರೇಬಿಕಾ ಕಾಫಿಯ ದಪ್ಪ ಬೀಜದ ಒಳ್ಳೆ ದರ್ಜೆ) ತಂದರೂ ನನಗೆ ಆ ರುಚಿ ಬರಲು ಎರಡು ವರ್ಷ ಹಿಡಿಯಿತು. ಆ ಡ್ರಮ್ ಎಲ್ಲಿ ಅಂತ ಕೇಳಿದರೆ ಚಿಕ್ಕಪ್ಪ ಗುಜರಿಗೆ ಹಾಕಿದ್ದ. ಸರಿ, ಅಂತಹದ್ದೇ ಒಂದು ಮಾಡೋಣ, ತಿರುಗಿಸೋಕೆ ಕೈ ಬದಲು ಮೋಟಾರ್ ಅಂತ ಶುರು ಮಾಡಿದೆ.

ಮೊದಲನೇ ಡ್ರಮ್ ಜಿಐ ಶೀಟಿನದು, ಅಂದರೆ ಸತು ಬಳಿದ ಕಬ್ಬಿಣದ ತಗಡು. ಅಂಗಡಿಯಲ್ಲಿ ಬಿದ್ದಿತ್ತು, ಬಿಟ್ಟಿ ಅಂತ ಸುತ್ತಿದೆ. ಒಲೆ ಮೇಲೆ ಇಟ್ಟು ಹತ್ತು ನಿಮಿಷಕ್ಕೆ ಬಿಳಿ ಹೊಗೆ, ಬಾಯಲ್ಲಿ ಒಂಥರಾ ಸಿಹಿ ರುಚಿ. ಪಕ್ಕದ ವೆಲ್ಡಿಂಗ್ ಅಂಗಡಿಯ ಸಾಬರು ಓಡಿ ಬಂದು, "ಅಣ್ಣಾ, ಅದು ಸತು, ಹೊಗೆ ಕುಡೀಬೇಡ, ಜ್ವರ ಬರುತ್ತೆ" ಅಂತ ಬೈದು ಒಲೆ ಆರಿಸಿದರು. ಸಂಜೆ ನಿಜವಾಗಿಯೂ ಮೈ ಬಿಸಿ ಆಯಿತು. ಯಾರೂ ಜಿಐ ಮುಟ್ಟಬೇಡಿ.

ಎರಡನೆಯದು ಸ್ಟೀಲ್, ಆದರೆ ತೂತು ತೂತಿನದು. ಹುರಿಯುವಾಗ ಬೀಜ ಬಿಡುವ ಹೊಟ್ಟು ಉದುರಿ ಹೋಗಲಿ ಅಂತ ನನ್ನ ಯೋಚನೆ. ಉದುರಿತು, ಸೀದಾ ಉರಿಯುವ ಬರ್ನರ್ ಮೇಲೆ! ಕಿಟಕಿ ಪರದೆಯ ಅಂಚು ಸುಟ್ಟಿತು. ಅವತ್ತಿನಿಂದ ಮನೆಯವರು ಅಡುಗೆಮನೆಗೆ ಬಿಟ್ಟಿಲ್ಲ, ನನ್ನ ಕಾರ್ಖಾನೆ ಹಿತ್ತಲ ಶೆಡ್ಡಿಗೆ ಶಿಫ್ಟ್ ಆಯಿತು. ಮೂರನೆಯದು ತೂತಿಲ್ಲದ ಡಬ್ಬ, ಒಳಗೆ ಏನೂ ಇಲ್ಲ. ಡ್ರಮ್ ತಿರುಗುತ್ತಿತ್ತು, ಬೀಜ ಮಾತ್ರ ಅಡಿಯಲ್ಲೇ ಜಾರಿಕೊಂಡು ಒಂದೇ ಮಗ್ಗುಲು ಸುಟ್ಟುಕೊಳ್ಳುತ್ತಿತ್ತು. ಒಳಗೆ ಒಂದೂವರೆ ಇಂಚಿನ ಮೂರು ಪಟ್ಟಿ ಸ್ವಲ್ಪ ಓರೆಯಾಗಿ ಹಾಕಿಸಿದ ಮೇಲೆ ಬೀಜ ಎತ್ತಿ ಎತ್ತಿ ಬೀಳೋಕೆ ಶುರುವಾಯಿತು. ಎಷ್ಟು ಓರೆ ಅಂತ ಕೇಳಬೇಡಿ, ಅದನ್ನು ಕಂಡುಕೊಳ್ಳೋಕೆ ನನಗೆ ಮೂರು ಕೆಜಿ ಬೀಜ ಹೋಗಿದೆ.

ನಾಲ್ಕನೆಯದರಲ್ಲಿ ಮೋಟಾರ್ ಕೈಕೊಟ್ಟಿತು. ವೈಪರ್ ಮೋಟಾರ್ ಗಟ್ಟಿ ಜೀವ, ಎಳೆತ ಜಾಸ್ತಿ, ನಿಧಾನವಾಗಿ ತಿರುಗುತ್ತದೆ, ನಮಗೆ ಬೇಕಾದ್ದೇ ಅದು. ಆದರೆ ಒಳಗಿನ ದೊಡ್ಡ ಹಲ್ಲಿನ ಚಕ್ರ ತುಂಬಾ ಮೋಟಾರುಗಳಲ್ಲಿ ಪ್ಲಾಸ್ಟಿಕ್ಕಿನದು. ನಾನು ಮೋಟಾರನ್ನು ಡ್ರಮ್ಮಿಗೆ ಅಂಟಿಸಿಯೇ ಕೂರಿಸಿದ್ದೆ. ಎಂಟನೇ ಬ್ಯಾಚಿಗೆ ಹಲ್ಲೆಲ್ಲ ಕರಗಿ ಶಾಫ್ಟ್ ನಿಂತಿತು, 400 ಗ್ರಾಂ ಬೀಜ ಅಲ್ಲೇ ಹೊತ್ತಿತು. ರಿವೈಂಡಿಂಗ್ ಮಾಡುವವನ ಮೋಟಾರೇ ಕೆಟ್ಟಿತು ಅಂತ ಅಂಗಡಿ ಹುಡುಗ ವಾರವೆಲ್ಲ ನಕ್ಕ.

ಈಗಿನದು ಐದನೆಯದು. ನಾಲ್ಕು ಲೀಟರಿನ ದಪ್ಪ ಸ್ಟೀಲ್ ಡಬ್ಬ, 10 ಎಂಎಂ ಸ್ಟೀಲ್ ರಾಡ್ ಒಂದು ಅಡಿ ಹೊರಗೆ ಚಾಚಿದೆ, ಅದರ ತುದಿಗೆ ಮೋಟಾರ್, ಮಧ್ಯೆ ತಗಡಿನ ಅಡ್ಡಗೋಡೆ. ಬೇರಿಂಗ್ ಹಾಕಿದರೆ ಗ್ರೀಸ್ ಕರಗಿ ಹೊಗೆ ಬರುತ್ತದೆ, ಹಾಗಾಗಿ ರಾಡ್ ತಿರುಗೋಕೆ ಗನ್‌ಮೆಟಲ್ (ಕಂಚಿನ ಥರದ ಲೋಹ) ಬಳೆ, ಅಂದರೆ ಬುಷ್. ಅದಕ್ಕೆ ಎಣ್ಣೆ ಬದಲು ಪೆನ್ಸಿಲಿನ ಕಪ್ಪು ಕಡ್ಡಿ (ಗ್ರಾಫೈಟ್) ಅರೆದು ಸವರುತ್ತೇನೆ. ಕರೆಂಟಿಗೆ ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ (ಮನೆ ಕರೆಂಟನ್ನು 12 ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ), ಕರೆಂಟು ಹೋದರೆ ಸ್ಕೂಟರ್ ಬ್ಯಾಟರಿಗೆ ಎರಡು ಕ್ಲಿಪ್ ಸಿಕ್ಕಿಸಿದರೆ ಆಯಿತು. ಕಡಿಮೆ ಸ್ಪೀಡಿನ ವೈರಿಗೆ 12 ವೋಲ್ಟ್ ಕೊಟ್ಟರೆ ನಿಮಿಷಕ್ಕೆ 45 ಸುತ್ತು ಸಿಗುತ್ತದೆ, ಸಾಕು. ಮುಂದಿನ ಬಾಯಿಯಿಂದ ಕೆ-ಟೈಪ್ ಥರ್ಮೋಕಪಲ್ (ಕಾವು ಅಳೆಯುವ ತಂತಿ) ಒಳಗೆ ಇಳಿದಿದೆ, ತುದಿ ಬೀಜದ ರಾಶಿಯಲ್ಲೇ ಮುಳುಗಿರಬೇಕು. ಗಾಳಿಯಲ್ಲಿ ತೂಗಾಡುತ್ತಿದ್ದರೆ ಆ ನಂಬರಿಗೆ ಅರ್ಥವಿಲ್ಲ.

ಇನ್ನು ಬೀಜದ ವಿಷಯ. ಮೆಷಿನ್ನಿಗಿಂತ ಜಾಸ್ತಿ ಬುದ್ಧಿ ಕಲಿಸಿದ್ದು ಅದೇ.

ಶುರುವಿನಲ್ಲಿ ಪೇಟೆಯ ಒಬ್ಬ ವ್ಯಾಪಾರಿಯ ಹತ್ತಿರ ಐದು ಕೆಜಿ ತಂದೆ. ಪ್ಲಾಂಟೇಷನ್ ಎ ಅಂತ ಬಾಯಲ್ಲಿ ಹೇಳಿದ, ಚೀಟಿ ಗೀಟಿ ಇಲ್ಲ. ಮನೆಗೆ ತಂದು ತಟ್ಟೆಯಲ್ಲಿ ಹರವಿದರೆ ಒಡಕು, ಕಪ್ಪು, ಕಾಯಿಕೊರಕ ತೂತು ಕೊರೆದದ್ದು, ಎರಡು ಕಲ್ಲು. ಒಂದು ಕೆಜಿಯಲ್ಲಿ ಸುಮಾರು 180 ಗ್ರಾಂ ಆರಿಸಿ ಎಸೆದೆ. ಉಳಿದದ್ದೂ ಹೋದ ವರ್ಷದ್ದು, ಬಣ್ಣ ಹಳದಿಗೆ ತಿರುಗಿತ್ತು, ಮೂಗಿಗೆ ಹಿಡಿದರೆ ಗೋಣಿಚೀಲ. ಕಲ್ಲೊಂದು ಕಣ್ಣು ತಪ್ಪಿಸಿ ಗ್ರೈಂಡರಿಗೂ ಹೋಯಿತು, ಅದರ ಖರ್ಚು ಬೇರೆ.

ಆಮೇಲೆ ಸೀದಾ ತೋಟಕ್ಕೇ ಹೋದೆ. ಅಲ್ಲಿ ತೊಂದರೆ ಬೇರೆ. ಬೆಳೆಗಾರರು ಮಾರುವುದು ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಇಲ್ಲಾ ಚೆರಿ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು), ಅದೂ 50 ಕೆಜಿ ಮೂಟೆ ಲೆಕ್ಕದಲ್ಲಿ. ಮೂರು ಕೆಜಿ ಕೊಡಿ ಅಂದರೆ ಮುಖ ನೋಡುತ್ತಾರೆ. ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ನಮ್ಮ ಒಂದು ಮೂಟೆಗೆ ಮೆಷಿನ್ ಓಡಿಸುವವರಿಲ್ಲ. ಕೊನೆಗೆ ನಾವು ನಾಲ್ಕು ಜನ ಸೇರಿ ಗೆಳೆಯನ ತೋಟದ ಎಸ್ 795 ತಳಿಯ ಅರೇಬಿಕಾ ಪಾರ್ಚ್‌ಮೆಂಟ್ ಒಂದು ಮೂಟೆ ತಂದೆವು. 2020ರಲ್ಲಿ ಅದಕ್ಕೆ ಹತ್ತು ಸಾವಿರದ ಆಸುಪಾಸು ಕೊಟ್ಟ ನೆನಪು. ಆಮೇಲೆ ರೇಟು ಅದರ ಎರಡು ಪಟ್ಟು ದಾಟಿತು, ಬೆಳೆಗಾರರಿಗೆ ಒಳ್ಳೆಯದೇ, ನಮ್ಮಂಥವರ ಜೇಬು ಮಾತ್ರ ಕೇಳಬೇಡಿ.

ಪಾರ್ಚ್‌ಮೆಂಟ್ ತಂದದ್ದು ಅನಿವಾರ್ಯಕ್ಕೆ, ಆದರೆ ಅದೇ ವರವಾಯಿತು. ಸಿಪ್ಪೆ ಮೈಮೇಲಿದ್ದರೆ ಬೀಜ ಮಳೆಗಾಲವನ್ನೂ ತಡೆಯುತ್ತದೆ. ಸಿಪ್ಪೆ ತೆಗೆದ ಕ್ಲೀನ್ ಬೀಜ ಜುಲೈನಲ್ಲಿ ಹಾಗೇ ಇಟ್ಟರೆ ತೇವ ಕುಡಿದು ಬಿಳಿಚುತ್ತದೆ. ನಾನೀಗ ಮೂಟೆ ಹಾಗೇ ಇಟ್ಟು, ತಿಂಗಳಿಗೆ ಬೇಕಾದಷ್ಟೇ ಸಿಪ್ಪೆ ಬಿಡಿಸುತ್ತೇನೆ. ಮಿಕ್ಸಿಯಲ್ಲಿ ಬ್ಲೇಡ್ ಮೊಂಡು ಮಾಡಿ ನೋಡಿದೆ, ಅರ್ಧಕ್ಕರ್ಧ ಒಡಕು. ಕೊನೆಗೆ ಒರಳಿಗೆ ಹಾಕಿ ಒನಕೆಯಲ್ಲಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿ ಹೋಗುತ್ತದೆ. ಅಮ್ಮ ಮೊರ ಹಿಡಿದರೆ ಐದು ನಿಮಿಷ, ನಾನು ಹಿಡಿದರೆ ಅರ್ಧ ಬೀಜ ಅಂಗಳದಲ್ಲಿ. ಐದು ಕೆಜಿ ಪಾರ್ಚ್‌ಮೆಂಟಿಗೆ ನಾಲ್ಕು ಕೆಜಿ ಬೀಜ ಅಂದಾಜು.

ಕೊಳ್ಳುವಾಗ ನಾನು ನೋಡುವುದು ಎರಡೇ. ಒಂದು, ಹಲ್ಲಲ್ಲಿ ಕಚ್ಚುತ್ತೇನೆ. ಹಲ್ಲಿನ ಗುರುತು ಬಿದ್ದರೆ ಸರಿಯಾಗಿ ಒಣಗಿಲ್ಲ, ಮಾತೇ ಬೇಡ. ಇತ್ತೀಚೆಗೆ ಕೊಯ್ಲಿನ ಹೊತ್ತಲ್ಲೇ ಮಳೆ ಬಂದು ಕಣದಲ್ಲಿ ನೆನೆದ ಕಾಫಿ ಜಾಸ್ತಿ, ಹುಷಾರಾಗಿರಿ. ಎರಡನೆಯದು ವಾಸನೆ. ಇನ್ನೊಂದು ಇದೆ, ಅದು ನನ್ನ ಹತ್ತಿರವೇ ಇರಲಿ.

ಹುರಿಯುವುದು ಹೀಗೆ. ಡ್ರಮ್ಮಿನ ಮೀಟರ್ 180 ಡಿಗ್ರಿ ಸೆಲ್ಸಿಯಸ್ ತೋರಿಸಿದಾಗ 400 ಗ್ರಾಂ ಸುರಿಯುತ್ತೇನೆ. ನಂಬರ್ ಧಡಕ್ಕನೆ ತೊಂಬತ್ತಕ್ಕೆ ಇಳಿದು ಮತ್ತೆ ಹತ್ತುತ್ತದೆ. ಐದು ನಿಮಿಷಕ್ಕೆ ಹಸಿರು ಹೋಗಿ ಹಳದಿ, ಹಸಿ ಹುಲ್ಲಿನ ವಾಸನೆ ಹೋಗಿ ಹುರಿಗಡಲೆ ವಾಸನೆ. ಅಲ್ಲಿವರೆಗೆ ಉರಿ ಜೋರು. ಆಮೇಲೆ ಕಡಿಮೆ ಮಾಡುತ್ತಾ ಬರಬೇಕು, ಎಲ್ಲರೂ ಎಡವುವುದು ಇಲ್ಲೇ, ಚಟಪಟ ಕೇಳಿದ ಮೇಲೆ ಉರಿ ಇಳಿಸಿದರೆ ತಡವಾಯಿತು, ಬೀಜದ ಕಾವು ತಾನೇ ಓಡಲು ಶುರು ಮಾಡಿರುತ್ತದೆ. ನನ್ನ ಮೀಟರಿನಲ್ಲಿ ಹತ್ತನೇ ನಿಮಿಷ, 193-194ಕ್ಕೆ ಮೊದಲ ಚಟಪಟ. ನಿಮ್ಮದರಲ್ಲಿ ಬೇರೆ ಇರಬಹುದು, ನಂಬರಿಗಿಂತ ಕಿವಿ ನಂಬಿ. ಮೋಟಾರ್ ಸದ್ದಲ್ಲಿ ಕೇಳಿಸದಿದ್ದರೆ ಒಂದು ಉದ್ದ ಸ್ಕ್ರೂಡ್ರೈವರಿನ ತುದಿ ಸ್ಟ್ಯಾಂಡಿಗೆ ಒತ್ತಿ, ಹಿಡಿಕೆ ಕಿವಿಗೆ ಇಟ್ಟುಕೊಳ್ಳಿ. ಬೇರಿಂಗ್ ನೋಡುವ ಮೆಕ್ಯಾನಿಕ್ ಉಪಾಯ, ಕಾಫಿಗೂ ಆಗುತ್ತದೆ. ಫಿಲ್ಟರಿಗೆ ಅಂದರೆ ಅಲ್ಲಿಂದ ಮೂರು ನಿಮಿಷ, ಎರಡನೇ ಚಟಪಟದ ಹೊಸ್ತಿಲಲ್ಲಿ ಇಳಿಸುತ್ತೇನೆ. ಕೊನೇ ಅರ್ಧ ನಿಮಿಷ ಒಂದು ಕೆಲಸ ಮಾಡುತ್ತೇನೆ, ಅದನ್ನೂ ಹೇಳಲ್ಲ. ಜರಡಿಗೆ ಸುರಿದು ಕೆಳಗಿಂದ ಹಳೇ ಎಗ್ಸಾಸ್ಟ್ ಫ್ಯಾನಿನಲ್ಲಿ ಗಾಳಿ ಎಳೆದರೆ ಮೂರು ನಿಮಿಷಕ್ಕೆ ಕೈಯಲ್ಲಿ ಮುಟ್ಟಬಹುದು. 400 ಗ್ರಾಂ ಹಾಕಿದ್ದು 335-340 ಉಳಿಯುತ್ತದೆ. ಅವತ್ತೇ ಪುಡಿ ಮಾಡಬೇಡಿ, ಎರಡು ಮೂರು ದಿನ ಬಿಡಿ.

ಇನ್ನೊಂದು ಜಾತಿಯ ಕಾಫಿ, ರೋಬಸ್ಟಾ, ಬೇರೆಯೇ ಹುರಿಯುತ್ತೇನೆ. ಅದು ನಿಧಾನಕ್ಕೆ ಕಾಯುತ್ತದೆ, ಚಟಪಟವೂ ಮೆತ್ತಗೆ. ಒಟ್ಟಿಗೆ ಹಾಕಿದರೆ ಒಂದು ಹದ, ಇನ್ನೊಂದು ಹಸಿ. ಹಣ್ಣಿನಲ್ಲಿ ಎರಡರ ಬದಲು ಒಂದೇ ಗುಂಡು ಬೀಜ ಕಟ್ಟಿದ ಪೀಬೆರಿ ಮಾತ್ರ ಈ ಡ್ರಮ್ಮಿಗೆ ಹೇಳಿ ಮಾಡಿಸಿದ್ದು, ಗುಂಡಗೆ ಉರುಳಿ ಉರುಳಿ ಎಲ್ಲ ಕಡೆ ಒಂದೇ ಬಣ್ಣ.

ನಡುವೆ ಕೆಲವು ಹುಚ್ಚಾಟ. ಮಂಗಳೂರಿನಲ್ಲಿ ಗೋದಾಮಿನ ನೆಲಕ್ಕೆ ಬೀಜ ಹರವಿ ಮಳೆಗಾಲದ ಗಾಳಿ ಕುಡಿಸಿ ಮಾನ್ಸೂನ್ಡ್ ಮಲಬಾರ್ ಮಾಡುತ್ತಾರಲ್ಲ, ನಮ್ಮಲ್ಲೂ ಮಳೆ ಇದೆಯಲ್ಲಾ ಅಂತ ಜೂನ್‌ನಲ್ಲಿ ಶೆಡ್ಡಿನೊಳಗೆ ಎರಡು ಕೆಜಿ ಚೆರಿ ಬೀಜ ಹರವಿದೆ. ಬೀಜ ಊದಿತು, ಬೆಳ್ಳಗಾಯಿತು, ನಾನು ಮೀಸೆ ತಿರುವುವಷ್ಟರಲ್ಲಿ ಹಸಿರು ಬೂಷ್ಟು. ಸಮುದ್ರದ ಗಾಳಿ ಬೇರೆ, ಹಾಸನದ ಜಡಿ ಬೇರೆ. ಎಲ್ಲಾ ತಿಪ್ಪೆಗೆ. ಇನ್ನೊಮ್ಮೆ ಕೊನೆಯಲ್ಲಿ ಚೂರು ಬೆಲ್ಲ ಹಾಕಿದರೆ ಬಣ್ಣ ಬರುತ್ತದೆ ಅಂತ ಯಾರೋ ಹೇಳಿದ್ದು ಕೇಳಿ ಹಾಕಿದೆ. ಬಣ್ಣ ಬಂತು, ಡ್ರಮ್ಮಿಗೆ. ಉಳಿಯಲ್ಲಿ ಕೆತ್ತಬೇಕಾಯಿತು. ಚಿಕೋರಿ ತುಂಡನ್ನೂ ಹುರಿದಿದ್ದೇನೆ, ಅದು ಸಾಧ್ಯ, ಆದರೆ ಆ ಹೊಗೆಗೆ ಪಕ್ಕದ ಮನೆ ಅಜ್ಜಿ ಬೆಂಕಿ ಬಿತ್ತು ಅಂತ ಬಕೆಟ್ ತಂದಿದ್ದರು. ಈಗ ಚಿಕೋರಿ ಅಂಗಡಿಯಿಂದಲೇ ತರುತ್ತೇನೆ, ಅದೂ ಅಮ್ಮನಿಗೆ ಮಾತ್ರ, ಹತ್ತು ಪರ್ಸೆಂಟ್.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಈಗಿನ ಡ್ರಮ್ಮಿಗೆ ಡಬ್ಬ 450, ಮೋಟಾರ್ ಗುಜರಿಯಲ್ಲಿ 350, ಥರ್ಮೋಕಪಲ್ ಮತ್ತು ಮೀಟರ್ 700, ರಾಡು ಬುಷ್ಷು ಲೇತ್ ಕೆಲಸ ಎಲ್ಲಾ ಸೇರಿ 1,500, ಒಟ್ಟು ಮೂರು ಸಾವಿರ. ಅದಕ್ಕೆ ಮೊದಲು ಕಳೆದದ್ದು ಬೀಜ ಸೇರಿ ಹನ್ನೆರಡು ಸಾವಿರ ಇರಬೇಕು, ಮನೆಯವರ ಲೆಕ್ಕದಲ್ಲಿ ಇಪ್ಪತ್ತು. ಗ್ಯಾಸ್ ಒಂದು ಬ್ಯಾಚಿಗೆ ಎರಡು ಮೂರು ರೂಪಾಯಿ. ಬೇರೆಯವರ ಮೆಷಿನ್‌ಗಳಿಗೆ ನಾನು ಬಯ್ಯಲ್ಲ, ಆದರೆ ಪೇಟೆಯಲ್ಲಿ ಕಾಫಿಪುಡಿ ಅಂಗಡಿ ಇಟ್ಟ ಪರಿಚಯದವರೊಬ್ಬರು ನನ್ನ ಪೀಬೆರಿ ಕುಡಿದು, "ಎಲ್ಲಿ ಹುರಿಸಿದ್ರಿ?" ಅಂತ ಕೇಳಿದ್ದು ನಿಜ. ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಡ್ರಮ್ ನೋಡಲಿಲ್ಲ, ಮೋಟಾರನ್ನೇ ನೋಡುತ್ತಾ ನಿಂತರು.

ನಿನ್ನೆ ಬಿಡಿ ಮೋಟಾರ್ ಒಂದು ಇರಲಿ ಅಂತ ಗುಜರಿಗೆ ಹೋಗಿದ್ದೆ. 350ಕ್ಕೆ ಕೊಡುತ್ತಿದ್ದವನು 600 ಅಂದ. ಯಾಕಪ್ಪಾ ಅಂದರೆ, "ಈ ತಿಂಗಳು ನಾಲ್ಕು ಜನ ಕೇಳ್ಕೊಂಡು ಬಂದ್ರು ಸಾರ್, ಅದರಲ್ಲಿ ಏನೋ ಕಾಫಿ ಹುರೀತಾರಂತೆ."